ನೀಲವ್ವ ಬಿಡಿಸಿದ ನಂಬರುಗಳು

ಗಾಳಿಯಲ್ಲಿ ಉಪ್ಪಿಟ್ಟು ತಿರುವುವ ಹೆಂಗಸನ್ನು ನಾನು ನೋಡಿದ್ದೇನೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಪಕ್ಕ ನಿಂತು, ಮೊಳದುದ್ದದ ಕಬ್ಬಿಣದ ಸೌಟು ಹಿಡಿದು, ಕಣ್ಣನ್ನು ರಸ್ತೆಗೆ ನೆಟ್ಟು, ಬರಿಗಾಳಿಯನ್ನು ಒಂದೇ ಹದದಲ್ಲಿ ಸುತ್ತುತ್ತಿದ್ದಳು. ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಆ ಊರಿಗೆ ಮಾಸ್ತರಿಕೆಗೆಂದು ಬಂದಿಳಿದ ಮೊದಲ ದಿನ ಆ ದೃಶ್ಯ ನೋಡಿ, ಪಾಪ, ಯಾರೋ ತಲೆಕೆಟ್ಟವಳು ಅಂದುಕೊಂಡಿದ್ದೆ. ಆ ರಸ್ತೆಯ ಮೇಲೆ ತಲೆ ನೆಟ್ಟಗಿದ್ದವಳು ಅವಳೊಬ್ಬಳೇ ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು.

ಅವಳ ಹೆಸರು ನೀಲವ್ವ. ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಉಪ್ಪಿಟ್ಟು ಬೇಯಿಸುವವಳು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಸವಣೂರಿನಿಂದ ಶಿಗ್ಗಾಂವಿಗೆ ಹೋಗುವ ರಸ್ತೆಗೆ ಅಂಟಿಕೊಂಡ ಸಣ್ಣ ಊರು, ರಸ್ತೆಗೇ ಮುಖ ಮಾಡಿದ ಮೂರು ಕೋಣೆಯ ಶಾಲೆ. ಬಾಗಿಲು ದಾಟಿದರೆ ಅಂಗಳ, ಅಂಗಳ ದಾಟಿದರೆ ಡಾಂಬರು. ನಾನು ಚಿಕ್ಕೇರೂರಿನ ಹುಡುಗಿ, ಹಾನಗಲ್ಲಿನಲ್ಲಿ ಟ್ರೇನಿಂಗ್ ಮುಗಿಸಿದವಳು, ಕೆಂಪು ಶಾಯಿಯ ಪೆನ್ನನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡು ಲೋಕವನ್ನೇ ತಿದ್ದುತ್ತೇನೆ ಎಂದು ಹೊರಟವಳು. ಮೊದಲ ದಿನವೇ ಒಂದು ಮರಳಿನ ಲಾರಿ ನನ್ನ ಸೆರಗನ್ನು ಸವರಿಕೊಂಡೇ ಹೋಯಿತು.

ನೀಲವ್ವ ಸೌಟು ತಿರುವುತ್ತಿದ್ದುದು ಸುಮ್ಮನೆ ಅಲ್ಲ, ವಾಹನಗಳ ವೇಗ ಅಳೆಯಲಿಕ್ಕೆ. ಶಾಲೆಯ ಆಚೆ ಒಂದು ಹುಣಸೆಮರ, ಈಚೆ ಒಂದು ಸಣ್ಣ ಸೇತುವೆ. ಗಾಡಿ ಮರದ ಹತ್ತಿರ ಬಂದೊಡನೆ ಸೌಟು ಸುರುವಾಗುತ್ತಿತ್ತು, ಸೇತುವೆ ಮುಟ್ಟಿದೊಡನೆ ನಿಲ್ಲುತ್ತಿತ್ತು. ಹೊತ್ತಿ ಹೋಗದಂತೆ ಉಪ್ಪಿಟ್ಟು ತಿರುವುವ ಅದೇ ಹದ.

"ಏಳು ಸುತ್ತಿಗೆ ದಾಟಿದ್ರ ಅಂವ ಮನಷ್ಯಾ ರಿ ಅಕ್ಕಾರ," ಎಂದು ನನಗೆ ತಿಳಿಸಿ ಹೇಳಿದ್ದಳು. "ಐದಕ್ಕ ದಾಟಿದ್ರ ಅವ್ನ ಮನ್ಯಾಗ ಮಕ್ಕಳಿಲ್ಲ. ನಾಕಕ್ಕ ದಾಟಿದ್ರ ಅವಂಗ ಅವ್ವನೂ ಇಲ್ಲ."

ಏಳು ಸುತ್ತಿಗಿಂತ ಮೊದಲೇ ದಾಟಿದ ಗಾಡಿಯ ಹಿಂದಿನ ನಂಬರಿನ ಮೇಲೆ ಅವಳ ಕಣ್ಣು ಹೋಗಿ ಕೂರುತ್ತಿತ್ತು. ಆಮೇಲೆ ಅವಸರವಿಲ್ಲ. ಒಲೆಯಿಂದ ಒಂದು ಹಿಡಿ ಬೂದಿ ತಂದು, ಗೇಟಿನ ಬಳಿಯ ಹಾಸುಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡು ಬೆರಳಿನ ಸಂದಿಯಿಂದ ಬೂದಿ ಬಿಡುತ್ತ ಆ ನಂಬರನ್ನು ಬಿಡಿಸುತ್ತಿದ್ದಳು. ಮೊದಲು ಅಂಕಿ, ಕೊನೆಗೆ ಇಂಗ್ಲಿಷ್ ಅಕ್ಷರ. ಅವಳಿಗೆ ಓದು ಬರುತ್ತಿರಲಿಲ್ಲ, ಒಂದಕ್ಷರವೂ. ಕಂಡದ್ದನ್ನು ಕಂಡ ಹಾಗೆ ಕಲ್ಲಿಗೆ ಇಳಿಸುತ್ತಿದ್ದಳು, ಅಷ್ಟೆ. ಏಳು ಅವಳಿಗೆ ಕುಡುಗೋಲು. ಎಂಟು ಹೆಣೆದ ಜಡೆ. ಆರು ಬಸುರಿ, ಒಂಬತ್ತು ಕೂಸನ್ನು ಹೆಗಲಿಗೆ ಹಾಕಿಕೊಂಡವಳು.

ನಾನು ಮಾಸ್ತರಿಕೆಯ ಹುಮ್ಮಸ್ಸಿನಲ್ಲಿ ಅವಳಿಗೆ ಅಂಕಿ ಕಲಿಸಲು ಹೋದೆ. ಎರಡು ದಿನ ಪಾಟಿ ಹಿಡಿದು ಕೂತಳು, ಮೂರನೆಯ ದಿನ ಪಾಟಿಯನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

"ಬ್ಯಾಡ್ರಿ ಅಕ್ಕಾರ. ಹೆಸರು ಕಲ್ತ್ರ ಮಾರಿ ಮರೀತೇತಿ. ನನಗ ಮಾರಿ ಸಾಕು."

ಅಂಕಿಯ ಹೆಸರು ಬಿಟ್ಟು ಅದರ ಮುಖವನ್ನೇ ಅವಳು ಹೀಗೆ ಬಿಡಿಸುತ್ತಿದ್ದುದಕ್ಕೆ ಕಾರಣವಿತ್ತು. ಅದನ್ನು ಅವಳಾಗಿ ಹೇಳಲಿಲ್ಲ, ಒಂದು ದಿನ ರವೆ ಹುರಿಯುತ್ತ ಮಾತಿನ ನಡುವೆ ಬಂತು. ನಾನು ಬರುವುದಕ್ಕೆ ಕೆಲವು ವರ್ಷ ಮೊದಲು ಅವಳ ಒಬ್ಬಳೇ ಮಗಳು ಗಂಗಿ, ಎರಡನೆಯ ಇಯತ್ತೆಯ ಹುಡುಗಿ, ಅದೇ ಗೇಟಿನ ಮುಂದೆ ಲಾರಿಯ ಗಾಲಿಗೆ ಸಿಕ್ಕಿದ್ದಳು. ಮಗಳನ್ನು ಕರೆದೊಯ್ಯಲು ಬಂದ ನೀಲವ್ವ ಹತ್ತು ಮಾರು ದೂರದಲ್ಲಿದ್ದಳು. ಲಾರಿ ನಿಲ್ಲಲಿಲ್ಲ. ಠಾಣೆಯಲ್ಲಿ ಫೌಜದಾರರು ಕೇಳಿದ್ದು ಒಂದೇ ಪ್ರಶ್ನೆ, ನಂಬರು ಏನು?

"ಕಂಡಿತ್ರೀ ನನಗ," ಎಂದಳು ನೀಲವ್ವ. ಸೌಟು ನಿಂತಿತ್ತು. "ಇಷ್ಟಿಷ್ಟು ದಪ್ಪ ಬರ್ದಿದ್ರು. ಕಣ್ಣಾಗ ಹೊಕ್ಕಿತ್ತು. ಹೇಳಾಕ ಬರಲಿಲ್ಲ. ಬಾಯಿ ತಗದೆ, ಏನಂತ ಹೇಳ್ಲಿ? ಸಾಹೇಬ್ರು ಪೆನ್ನಿನ ಟೊಪಗಿ ಮುಚ್ಚಿ ಕಿಸೇಕ ಇಟಗೊಂಡ್ರು."

ರವೆ ಸೀಯುತ್ತಿತ್ತು. ಇಬ್ಬರಿಗೂ ಅದರ ಕಡೆ ಗಮನವಿರಲಿಲ್ಲ. ಆ ದಿನದ ಉಪ್ಪಿಟ್ಟನ್ನು ಮಕ್ಕಳು ಮೂಗು ಮುರಿಯುತ್ತ ತಿಂದವು.

ಅಂದಿನಿಂದ ನಾನು ಅವಳ ಬಾಯಿಯಾದೆ. ಶಾಲೆ ಬಿಟ್ಟ ಮೇಲೆ ಹಾಸುಗಲ್ಲಿನ ಮೇಲಿನ ಬೂದಿಯ ನಂಬರುಗಳನ್ನು ಒಂದು ಕಾರ್ಡಿನ ಮೇಲೆ ಬರೆದು, ದಿನ, ಹೊತ್ತು ಹಾಕಿ, ಕೆಳಗೆ ಸಹಿ ಮಾಡಿ ಠಾಣೆಗೆ ಅಂಚೆಯಲ್ಲಿ ಕಳಿಸುತ್ತಿದ್ದೆ. ಮೊದಲ ಫೌಜದಾರರು ಆ ಕಾರ್ಡುಗಳನ್ನು ಏನು ಮಾಡಿದರೋ ದೇವರೇ ಬಲ್ಲ. ಆಮೇಲೆ ಬಂದವರು ಒಳ್ಳೆಯವರು. ಒಂದು ಮಧ್ಯಾಹ್ನ ಸೈಕಲ್ಲಿನ ಮೇಲೆ ತಾವೇ ಬಂದು, ಹುಣಸೆಮರದ ಕೆಳಗೆ ನಿಂತು, ಕೈಗಡಿಯಾರ ಒಂದು ಕಣ್ಣಿನಲ್ಲಿ, ನೀಲವ್ವನ ಸೌಟು ಇನ್ನೊಂದು ಕಣ್ಣಿನಲ್ಲಿ ಇಟ್ಟುಕೊಂಡು ಅರ್ಧ ತಾಸು ನೋಡಿದರು. ಕೊನೆಗೆ, "ಈ ಅವ್ವನ ಸೌಟು ನನ್ನ ಗಡಿಯಾರಕ್ಕಿಂತ ಚಲೋ ಐತ್ರಿ ಅಕ್ಕಾರ, ನೀವು ಬರೀರಿ, ನಾ ನೋಡ್ಕೋತೇನಿ," ಎಂದು ಎರಡು ತುತ್ತು ಉಪ್ಪಿಟ್ಟು ತಿಂದು ಹೋದರು.

ಅವರು ನೋಡಿಕೊಂಡರು. ಲಾರಿಯವರು ಹುಣಸೆಮರದ ಹತ್ತಿರವೇ ಆಕ್ಸಲರೇಟರಿನಿಂದ ಕಾಲು ಎತ್ತತೊಡಗಿದರು. ಕೆಲವರು ಜಾಣತನಕ್ಕೆ ನಂಬರಿನ ಮೇಲೆ ಕೆಸರು ಬಳಿದುಕೊಂಡು ಬಂದರು. ನೀಲವ್ವ ಕೆಸರನ್ನೂ ಬಿಡಿಸಿದಳು. ಎರಡು ಅಂಕಿ, ಪಕ್ಕದಲ್ಲಿ ಸಗಣಿ ತಟ್ಟಿದಂಥ ಒಂದು ದೊಡ್ಡ ಬೂದಿಯ ಮುದ್ದೆ. ನಾನು ನಗುತ್ತ ಹಾಗೆಯೇ ಬರೆದೆ, ಫೌಜದಾರರು ನಗುತ್ತ ಕೆಸರಿನ ಗಾಡಿಗಳನ್ನೆಲ್ಲ ನಿಲ್ಲಿಸಿ ತೊಳೆಸಿದರು. ಇನ್ನೊಮ್ಮೆ ಒಬ್ಬ ದೊಡ್ಡ ಅಧಿಕಾರಿಯ ಜೀಪು ನಾಲ್ಕೇ ಸುತ್ತಿಗೆ ದಾಟಿತು. ನಾನು ಹೆದರಿ, ಯಾರೂ ನೋಡದ ಹಾಗೆ ಚಪ್ಪಲಿಯಿಂದ ಆ ಬೂದಿಯನ್ನು ಒರೆಸಿದೆ. ಮರುದಿನ ನೋಡಿದರೆ ಮತ್ತೆ ಅದೇ ನಂಬರು. ಮತ್ತೆ ಒರೆಸಿದೆ, ಮತ್ತೆ ಬಿಡಿಸಿದಳು. ಕೊನೆಗೆ ಕೇಳಿಯೇ ಬಿಟ್ಟಳು:

"ಜೀಪಿನ್ಯಾವ್ರು ಹಾಯ್ದ್ರ ಹುಡುಗೂರ್ಗೆ ನೋವಾಗಾಣಿಲ್ಲೇನ್ರಿ?"

ಬರೆದೆ. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ. ಜೀಪು ಮಾತ್ರ ಮುಂದಿನ ವಾರದಿಂದ ಎಂಟು ಸುತ್ತು ತೆಗೆದುಕೊಳ್ಳತೊಡಗಿತು, ಮರ್ಯಾದೆಗೆ ಒಂದು ಸುತ್ತು ಹೆಚ್ಚೇ. ನಾಲ್ಕು ವರ್ಷ ಹೀಗೆ ನಡೆಯಿತು. ಆ ನಾಲ್ಕು ವರ್ಷ ನಮ್ಮ ಶಾಲೆಯ ಒಂದು ಮಗುವಿನ ಉಗುರು ಕೂಡ ಆ ರಸ್ತೆಯಲ್ಲಿ ಸೀಳಲಿಲ್ಲ. ಅದು ನೀಲವ್ವ ಮಾಡಿದ್ದು. ಅದನ್ನು ಹಾಳು ಮಾಡಿದವಳು ನಾನು.

ಅವತ್ತು ನಾನು ಹಾನಗಲ್ಲಿನಲ್ಲಿ ಶಿಕ್ಷಕರ ಸಭೆಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಶಾಲೆಗೆ ಬಂದರೆ ನೀಲವ್ವ ಇರಲಿಲ್ಲ. ಅಬಲೂರಿನಲ್ಲಿದ್ದ ತಂಗಿಯ ಮಗಳಿಗೆ ಹೆರಿಗೆ ಬೇನೆ ಸುರುವಾಗಿ, ಮೊದಲ ಬಸ್ಸಿಗೇ ಹೋಗಿದ್ದಳು. ಹಾಸುಗಲ್ಲಿನ ಮೇಲೆ ಒಂದು ನಂಬರು ಇತ್ತು. ಬೂದಿಯದಲ್ಲ, ಬಿಳಿ ರಂಗೋಲಿಯದು. ಅದರ ಮೇಲೆ ಇಬ್ಬನಿಯಲ್ಲಿ ಕರಗಿ ಹರಡಿದ ಕೆಂಪು. ಒಲೆ ಹಚ್ಚಿರಲಿಕ್ಕಿಲ್ಲ, ಬೂದಿ ಸಿಗದೆ ರಂಗೋಲಿ ಪುಡಿ ಹಾಕಿದ್ದಾಳೆ ಅಂದುಕೊಂಡೆ. ಕೆಂಪು? ನನಗೆ ಕೆಂಪು ಎಂದರೆ ಒಂದೇ ಅರ್ಥ ಗೊತ್ತು. ದಿನವಿಡೀ ಕೆಂಪು ಶಾಯಿಯಲ್ಲಿ ತಪ್ಪು ತಿದ್ದುವವಳು ನಾನು. ದೊಡ್ಡ ತಪ್ಪಿನ ಗಾಡಿ ಇದು ಎಂದು ತೀರ್ಮಾನಿಸಿದೆ.

ಅಷ್ಟರಲ್ಲಿ ಮಕ್ಕಳು ಸುತ್ತುವರಿದವು. "ಅಕ್ಕಾರ, ನಿನ್ನೆ ಎಲಿ ಲಾರಿ ಬಂತ್ರಿ! ನಮ್ಮ ರೇಣುಕಾ ರೋಡಿನ ಮ್ಯಾಲ ಬಿದ್ದಳ್ರಿ! ಮೊಣಕಾಲ ಕೆತ್ತಿ ರಗತ ಬಂತ್ರಿ! ಆ ಡ್ರಾಯವರ ಇಳದ ಬಂದು..."

"ಸಾಕು, ಒಳಗ ನಡೀರಿ," ಎಂದೆ. ಆ ಮಾತು ಮುಗಿಯುವ ತನಕ ನಿಂತಿದ್ದರೆ ಆಗುತ್ತಿತ್ತು. ಅರ್ಧ ನಿಮಿಷ. ನನಗೆ ಸಿಟ್ಟು ನೆತ್ತಿಗೇರಿತ್ತು. ಗಂಗಿಯ ಕತೆ ಮತ್ತೆ ಆಗುತ್ತಿತ್ತಲ್ಲ ಎನ್ನಿಸಿತ್ತು. ಅವತ್ತು ಕಾರ್ಡು ಬರೆಯಲಿಲ್ಲ, ಎರಡು ಪುಟದ ಕಾಗದ ಬರೆದೆ. ಮಗುವನ್ನು ಕೆಡವಿ ಗಾಯ ಮಾಡಿದ ಲಾರಿ ಎಂದು ಬರೆದೆ. ನನ್ನ ಕನ್ನಡ ಅವತ್ತು ಬಹಳ ಚೆನ್ನಾಗಿ ಓಡಿತು.

ಐದನೆಯ ದಿನ ನೀಲವ್ವ ಬಂದಳು, ಸವಣೂರಿನಲ್ಲಿ ಬಸ್ಸು ಬದಲಿಸುವಾಗ ಮಕ್ಕಳಿಗೆಂದು ಕೊಂಡ ಕರಿದ ಖಾರದ ತಿಂಡಿಯ ಪೊಟ್ಟಣ ಸೆರಗಿನಲ್ಲಿ ಕಟ್ಟಿಕೊಂಡು. ತಂಗಿಯ ಮಗಳಿಗೆ ಹೆಣ್ಣು ಹುಟ್ಟಿದೆ ಎಂದು ಮುಖ ಅರಳಿತ್ತು. ನಾನು ಹೆಮ್ಮೆಯಿಂದ ಹೇಳಿದೆ, ಆ ವೀಳ್ಯದೆಲೆ ಲಾರಿಯವನನ್ನು ಹಿಡಿದಿದ್ದಾರೆ, ಲೈಸನ್ಸು ಕಸಿದುಕೊಂಡಿದ್ದಾರೆ ಎಂದು.

ಸೆರಗಿನ ಗಂಟು ಬಿಚ್ಚುತ್ತಿದ್ದ ಅವಳ ಕೈಯಿಂದ ಪೊಟ್ಟಣ ಬಿತ್ತು.

"ಯಾವ ಎಲಿ ಲಾರಿ ರಿ?"

"ನೀನ ಬಿಡಿಸಿದ್ದಿಯಲ್ಲ, ಬಿಳೇದು."

"ಅಯ್ಯಯ್ಯ, ಅಕ್ಕಾರ! ಅಂವಗ ನಾ ರಂಗೋಲಿ ಹಾಕಿದ್ದೆ ರಿ! ಅರಿಷಿಣ ಕುಂಕಮ ಏರ್ಸಿದ್ದೆ! ಬೂದಿ ಬ್ಯಾರೆ, ರಂಗೋಲಿ ಬ್ಯಾರೆ. ನಮ್ಮ ಬಾಗಲಿಗೆ ಬೂದಿ ಹಾಕ್ತೇವೇನ್ರಿ? ಲಾರಿಗೆ ಕುಂಕಮ ಯಾವಾಗ ಹಚ್ತಾರ? ಇಷ್ಟೂ ತಿಳೀಲಿಲ್ಲೇನ್ರಿ ನಿಮಗ?"

ಆದದ್ದು ಇಷ್ಟು. ರೇಣುಕಾ ಚೆಂಡಿನ ಹಿಂದೆ ರಸ್ತೆಗೆ ಓಡಿದ್ದಳು. ಎಲೆಯ ಲಾರಿ ಏಳು ಸುತ್ತಿನ ಹದದಲ್ಲೇ ಬರುತ್ತಿತ್ತು. ಡ್ರೈವರು ಖಾದರಸಾಬ ಎಂಬವನು ಬ್ರೇಕಿನ ಮೇಲೆ ನಿಂತು, ಲಾರಿಯನ್ನು ರಸ್ತೆಯಿಂದ ಕೆಳಗಿಳಿಸಿ, ಮುಂದಿನ ಗಾಲಿಯನ್ನು ಕಾಲುವೆಗೆ ಕೆಡವಿಕೊಂಡು ಮಗುವನ್ನು ಉಳಿಸಿದ್ದ. ಹುಡುಗಿ ಹೆದರಿ ಎಡವಿ ಬಿದ್ದದ್ದು. ಅವನೇ ಎತ್ತಿ ನೀರು ಕುಡಿಸಿ, ತನ್ನ ಹೆಗಲ ವಸ್ತ್ರ ಹರಿದು ಮೊಣಕಾಲಿಗೆ ಕಟ್ಟಿದ್ದ. ಮಕ್ಕಳು ನನಗೆ ಹೇಳಲು ಬಂದದ್ದು ಅದನ್ನೇ. ನಾಲ್ಕು ವರ್ಷಗಳಲ್ಲಿ ಆ ಕಲ್ಲು ರಂಗೋಲಿ ಕಂಡದ್ದು ಅದೊಂದೇ ದಿನ. ನೀಲವ್ವ ಬೂದಿ ಬಳಸುವುದು ಒಲೆ ಹತ್ತಿರವಿದೆ ಎಂಬ ಕಾರಣಕ್ಕೆ ಅಂತ ನಾನು ನಾಲ್ಕೂ ವರ್ಷ ತಿಳಿದುಕೊಂಡಿದ್ದೆ. ಒಮ್ಮೆಯೂ ಕೇಳಿರಲಿಲ್ಲ.

ಇಬ್ಬರೂ ಠಾಣೆಗೆ ಓಡಿದೆವು. ಫೌಜದಾರರು ನನ್ನ ಎರಡು ಪುಟದ ಕಾಗದವನ್ನೂ ಈಗ ತಪ್ಪೊಪ್ಪಿ ಬರೆದುಕೊಟ್ಟ ಹೊಸ ಕಾಗದವನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಲೈಸನ್ಸನ್ನು ಅವತ್ತೇ ಬಿಟ್ಟುಕೊಟ್ಟರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಅಂವ ಎಷ್ಟ ಹೇಳ್ಕೊಂಡಾನ್ರಿ, ನಾ ಉಳಿಸೇನಿ, ನಾ ಉಳಿಸೇನಿ ಅಂತ. ಸಾಲಿ ಅಕ್ಕಾರು ಸುಳ್ಳು ಬರೀತಾರೇನಲೇ ಅಂತ ನಾವ ಬಾಯಿ ಮುಚ್ಚಿಸೇವಿ. ಇನ್ನ ಮ್ಯಾಲ ನಿಮ್ಮ ಕಾರ್ಡು ಬಂದ್ರ ನಾ ಯಾವ ಮಾರಿ ಇಟಗೊಂಡು ಲಾರಿ ನಿಲ್ಲಸ್ಲಿ?"

ಖಾದರಸಾಬನನ್ನು ಹುಡುಕಿಕೊಂಡು ಸವಣೂರಿಗೆ ಹೋದೆವು. ಲಾರಿಯ ಮಾಲೀಕ ಅಷ್ಟರಲ್ಲಿ ಬೇರೆಯವನ ಕೈಗೆ ಕೀಲಿ ಕೊಟ್ಟಿದ್ದ. ಎಲೆದೋಟದ ನೆರಳಿನಲ್ಲಿ ಖಾದರಸಾಬ ಒದ್ದೆ ಗೋಣಿಯ ಮೇಲೆ ಕೂತು ವೀಳ್ಯದೆಲೆ ಜೋಡಿಸಿ ಪೆಂಡಿ ಕಟ್ಟುತ್ತಿದ್ದ. ನಡುವಯಸ್ಸಿನ, ಸಣ್ಣ ದನಿಯ ಮನುಷ್ಯ. ನಾನು ಏನು ಹೇಳಿದೆನೋ ನೆನಪಿಲ್ಲ. ನೀಲವ್ವ ಮಾತ್ರ ಸೆರಗನ್ನು ಎರಡೂ ಕೈಯಲ್ಲಿ ಅವನ ಮುಂದೆ ಒಡ್ಡಿದಳು.

"ಅವ್ವಾ, ಏನ ಮಾಡಾಕತ್ತೀರಿ, ಬ್ಯಾಡ್ರಿ," ಎಂದು ಅವನು ಎದ್ದುಬಿಟ್ಟ. "ಹುಡುಗಿ ಹೆಂಗದಾಳ? ಆರಾಮ ಅದಾಳಿಲ್ಲೋ? ಅಷ್ಟ ಸಾಕ್ರಿ."

ಮಾಲೀಕನ ಹತ್ತಿರ ನಾನು ಮಾತಾಡುತ್ತೇನೆ, ಮತ್ತೆ ಲಾರಿ ಹಿಡಿಯಿರಿ ಎಂದೆ. ತಲೆ ಅಲ್ಲಾಡಿಸಿದ.

"ಇಲ್ರಿ ಬಾಯಾರ. ಬ್ರೇಕ್ ಹಾಕಿದಾವನ ಸಿಕ್ಕ ಬಿದ್ದ ಅಂದ್ರ, ಇನ್ನೊಮ್ಮೆ ಬ್ರೇಕ್ ಮ್ಯಾಲ ಕಾಲ ಇಡುವಾಗ ಕಾಲು ಇಚಾರ ಮಾಡ್ತೇತ್ರಿ. ಹಂತಾ ಕಾಲು ಇಟಗೊಂಡು ಸ್ಟೇರಿಂಗ್ ಹಿಡೀಬಾರ್ದು."

ಈಚೆಗೆ ನನ್ನ ಮನೆಯ ಹತ್ತಿರದ ಶಾಲೆಯ ಮುಂದೆ ಕಂಬ ನೆಟ್ಟು ಕ್ಯಾಮೆರಾ ಕೂರಿಸಿದ್ದಾರೆ. ವೇಗವಾಗಿ ಹೋದ ಗಾಡಿಯ ನಂಬರನ್ನು ಅದು ತಾನಾಗಿಯೇ ಹಿಡಿಯುತ್ತದಂತೆ, ಮನೆಗೇ ಕಾಗದ ಬರುತ್ತದಂತೆ. ಒಳ್ಳೆಯದೇ. ಅದಕ್ಕೆ ಜೀಪಿನ ಹೆದರಿಕೆಯಿಲ್ಲ, ನನ್ನ ಹಾಗೆ ಸಿಟ್ಟೂ ಇಲ್ಲ. ಆದರೆ ಅದರ ಹತ್ತಿರ ಇರುವುದು ಬರಿ ಬೂದಿ. ನಿಂತವನ, ಕಾಲುವೆಗೆ ಗಾಲಿ ಕೆಡವಿಕೊಂಡವನ ನಂಬರನ್ನು ಯಾರು ಬಿಡಿಸುತ್ತಾರೆ? ಆ ಕಂಬದ ಕೆಳಗೆ ಹಾಯುವಾಗಲೆಲ್ಲ ನಾನು ಖಾದರಸಾಬನನ್ನು ನೆನೆಯುತ್ತೇನೆ, ನಾಚಿಕೆಯಿಂದ ತಲೆ ತಗ್ಗುತ್ತದೆ.

ಸವಣೂರಿನಿಂದ ಬಂದ ಮರುದಿನ ನೀಲವ್ವ ಹಾಸುಗಲ್ಲಿಗೆ ನಾಲ್ಕು ಕೊಡ ನೀರು ಸುರಿದು ತೆಂಗಿನ ನಾರಿನಿಂದ ತಿಕ್ಕಿ ತೊಳೆದಳು. ನಾನು ಹತ್ತಿರ ಹೋಗಿ, ನೀಲವ್ವಾ, ತಪ್ಪಾತು, ಇನ್ನ ಮ್ಯಾಲ ಕೇಳಿ ಬರೀತೇನಿ, ನೀ ಬಿಡಿಸೂದು ಬಿಡಬ್ಯಾಡ ಎಂದು ಬೇಡಿಕೊಂಡೆ. ಅವಳು ತಲೆಯೆತ್ತದೆ ಹೇಳಿದಳು:

"ನಿಮ್ಮದೊಬ್ಬರ್ದ ಅಲ್ರಿ ತಪ್ಪು. ನಾನೂ ಹೇಳ್ಬೇಕಾಗಿತ್ತು. ಈ ಕಲ್ಲು ಬ್ಯಾಡ್ರಿ ಇನ್ನ. ಕಲ್ಲಿನ ಮ್ಯಾಲಿಂದು ಒಬ್ಬೊಬ್ರಿಗೆ ಒಂದೊಂದ ಕಾಣ್ತೇತಿ. ಮೈ ಅಡ್ಡ ನಿಂತ್ರ ಎಲ್ಲಾರ್ಗೂ ಒಂದ ಕಾಣ್ತೇತಿ."

ಅಂದು ಸಂಜೆಯಿಂದ ಅವಳೇ ರಸ್ತೆಯ ನಡುವೆ ನಿಲ್ಲತೊಡಗಿದಳು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈ ಬೀಸಿ ಚಾಚಿ. ಮಕ್ಕಳು ಅವಳ ಬೆನ್ನ ಹಿಂದಿನಿಂದ ಓಡಿ ದಾಟುತ್ತಿದ್ದವು. ಲಾರಿಗಳು ಮತ್ತೆ ಐದು ಸುತ್ತಿಗೆ, ನಾಲ್ಕು ಸುತ್ತಿಗೆ ಬರುತ್ತಿದ್ದವು. ನನ್ನ ಕಾರ್ಡುಗಳಿಗೆ ಬೆಲೆಯಿಲ್ಲ ಎಂಬ ಸುದ್ದಿ ರಸ್ತೆಗೆಲ್ಲ ಹರಡಿತ್ತು. ಬೇಡ ಎಂದು ಎಷ್ಟೋ ಸಲ ಕೈ ಹಿಡಿದು ಎಳೆದೆ. ಹೆಡ್‌ಮಾಸ್ತರರು ಗದರಿದರು. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಮಳೆಗಾಲ, ಒಂದು ಚಳಿಗಾಲ ಹಾಗೆ ಕಳೆಯಿತು.

ಅದು ಶನಿವಾರ, ಬೆಳಗಿನ ಶಾಲೆ. ಬಿಸಿಲು ಇನ್ನೂ ಏರಿರಲಿಲ್ಲ. ಶಾಲೆಗೆ ಬರುವ ಮಕ್ಕಳೆಲ್ಲ ದಾಟಿಯಾಗಿತ್ತು. ನಾನು ಗೇಟಿನಲ್ಲಿ ನಿಂತಿದ್ದೆ. ನೀಲವ್ವ ಇನ್ನೂ ರಸ್ತೆಯ ನಡುವೆಯೇ ಇದ್ದಳು. ಹಿಂದೆ ಯಾವುದಾದರೂ ಕೂಸು ಉಳಿದಿದೆಯೋ ಎಂದು ತಿರುಗಿ ನೋಡುವುದು ಅವಳ ರೂಢಿ. ಹುಣಸೆಮರದ ಕಡೆಯಿಂದ ಒಂದು ಲಾರಿ ಬಂತು. ಅವಳು ಅದರತ್ತ ತಿರುಗಿ ಕೈ ಚಾಚಿದಳು. ಸರಿಯಲಿಲ್ಲ. ಅದು ನಿಲ್ಲಲಿಲ್ಲ.

ನಾನು ಓಡಿದೆ. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಣ್ಣು ತೆರೆದಿದ್ದವು, ಸೇತುವೆಯ ಕಡೆ ನೋಡುತ್ತಿದ್ದವು. ಮಾತು ಬರಲಿಲ್ಲ. ಬಲಗೈ ರಸ್ತೆಯಂಚಿನ ಧೂಳಿನಲ್ಲಿ ಅಲುಗುತ್ತಿತ್ತು, ಬೆರಳುಗಳು ಮಣ್ಣನ್ನು ಕೆರೆಯುತ್ತಿದ್ದವು. ನೋವಿಗೆ ಒದ್ದಾಡುತ್ತಿದ್ದಾಳೆ ಅಂದುಕೊಂಡೆ. ಆ ಕೈಯನ್ನು ಎತ್ತಿ ನನ್ನ ಎರಡೂ ಕೈಯೊಳಗೆ ಗಟ್ಟಿಯಾಗಿ ಹಿಡಿದುಕೊಂಡೆ. "ನಾ ಅದೇನಿ ನೀಲವ್ವಾ, ನಾ ಇಲ್ಲೇ ಅದೇನಿ," ಎಂದೆ. ಕೈಯನ್ನು ಎಳೆದುಕೊಳ್ಳಲು ನೋಡಿದಳು. ಎರಡು ಸಲ ಎಳೆದಳು. ನಾನು ಬಿಡಲಿಲ್ಲ. ನನ್ನ ಮುಖವನ್ನು ನೋಡಿದಳು. ಏನು ನೋಟವದು ಎಂದು ನಾನು ಹೇಗೆ ಹೇಳಲಿ. ಆಮೇಲೆ ಕೈ ಸಡಿಲವಾಯಿತು.

ಜನ ಸೇರಿ ಅವಳನ್ನು ಎತ್ತಿದ ಮೇಲೆ ನನಗೆ ಧೂಳು ಕಂಡಿತು. ಅಲ್ಲೊಂದು ಕುಡುಗೋಲು. ಅದರ ಪಕ್ಕ ಒಂದು ಜಡೆ. ಅದರ ಪಕ್ಕ ಒಂದು ಅರ್ಧ ಸುತ್ತಿನ ಗೆರೆ, ಬಸುರಿಯೋ, ಕೂಸನ್ನು ಹೆಗಲಿಗೆ ಹಾಕಿಕೊಂಡವಳೋ. ಗೆರೆ ಅಲ್ಲಿಗೇ ನಿಂತಿತ್ತು. ನಾನು ಅವಳ ಕೈ ಎತ್ತಿಕೊಂಡ ಜಾಗ ಅದು.

ಫೌಜದಾರರು ಬಂದು, ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಪೆನ್ನು ತೆರೆದು ಮೆಲ್ಲಗೆ ಕೇಳಿದರು, "ಅಕ್ಕಾರ, ನಂಬರ ಏನರ ಕಂಡಿತೇನ್ರಿ?" ನನಗೆ ಓದು ಬರುತ್ತದೆ, ಬರೆಯಲು ಬರುತ್ತದೆ, ನೂರಾರು ಮಕ್ಕಳಿಗೆ ಅಂಕಿ ಕಲಿಸಿದ್ದೇನೆ. ಲಾರಿ ದಾಟುವಾಗ ನಾನು ನೀಲವ್ವನನ್ನು ಮಾತ್ರ ನೋಡುತ್ತಿದ್ದೆ.

"ಏಳು, ಎಂಟು," ಎಂದೆ.

ಅವರು ಬರೆದುಕೊಂಡರು. ಮುಂದೆ ಹೇಳುತ್ತೇನೆಂದು ಬಹಳ ಹೊತ್ತು ಕಾದರು. ಆಮೇಲೆ ಪೆನ್ನಿನ ಟೊಪ್ಪಿಗೆ ಮುಚ್ಚಿ ಕಿಸೆಗೆ ಇಟ್ಟುಕೊಂಡರು.